ಸೆರೆಂಗೆಟಿಗೆ ರಸ್ತೆಯಲ್ಲಿ ಹೋಗಿ, ವಿಮಾನದಲ್ಲಿ ವಾಪಸ್ ಬನ್ನಿ

ಪ್ರಶ್ನೆ: ನಾವು ಆರು ಜನ ಗೆಳೆಯರು, ವಯಸ್ಸು 56ರಿಂದ 61. ಹುಬ್ಬಳ್ಳಿಯಲ್ಲಿ ಒಂದೇ ಕಾಲೇಜಿನಲ್ಲಿ ಓದಿದವರು. ಈಗ ಇಬ್ಬರು ಹುಬ್ಬಳ್ಳಿಯಲ್ಲೇ ಇದ್ದೇವೆ, ಇಬ್ಬರು ಬೆಂಗಳೂರಿನಲ್ಲಿ, ಒಬ್ಬ ಮಸ್ಕತ್‌ನಲ್ಲಿ, ಇನ್ನೊಬ್ಬ ಲಂಡನ್‌ನಲ್ಲಿ. ಬರುವ ಫೆಬ್ರವರಿಯಲ್ಲಿ ಟಾಂಜಾನಿಯಾದ ಸೆರೆಂಗೆಟಿಗೆ ಹೋಗುವುದೆಂದು ತೀರ್ಮಾನಿಸಿದ್ದೇವೆ. ಒಂದು ಟ್ರಾವೆಲ್ ಕಂಪನಿಯವರು ಬೆಳಗ್ಗೆ ಕಿಲಿಮಂಜಾರೊ ವಿಮಾನ ನಿಲ್ದಾಣದಲ್ಲಿ ಇಳಿದವರನ್ನು ಅದೇ ದಿನ ಜೀಪಿನಲ್ಲಿ ಸೆರೆಂಗೆಟಿ ಮುಟ್ಟಿಸುತ್ತೇವೆ ಅನ್ನುತ್ತಾರೆ. ಇನ್ನೊಬ್ಬರು ಸಣ್ಣ ವಿಮಾನದಲ್ಲಿ ನೇರ ಕಾಡಿನೊಳಗೇ ಇಳಿಸುತ್ತೇವೆ ಅನ್ನುತ್ತಾರೆ. ನಕ್ಷೆಯಲ್ಲಿ ಪಕ್ಕದಲ್ಲೇ ಇರುವ ಕೀನ್ಯಾದ ಮಸಾಯ್ ಮಾರಾವನ್ನು ಏಕೆ ಬಿಡಬೇಕು ಎಂದು ಲಂಡನ್ ಗೆಳೆಯನ ವಾದ. ನಮ್ಮಲ್ಲಿ ಒಬ್ಬನಿಗೆ ಸೊಂಟನೋವು, ಮೂವರು ಶುದ್ಧ ಸಸ್ಯಾಹಾರಿಗಳು. ಮನೆ ಬಿಟ್ಟು ಮೊದಲ ಸಿಂಹ ನೋಡುವಷ್ಟರಲ್ಲಿ ಎರಡು ದಿನ ಕಳೆದೇ ಹೋಗುತ್ತದೆ. ಇದನ್ನು ಕಡಿಮೆ ಮಾಡುವ ದಾರಿ ಇದೆಯೇ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ದಾರಿ ಇದೆ, ಆದರೆ ಹಿಡಿಯಬೇಡಿ ಎನ್ನುವುದೇ ನನ್ನ ಸಲಹೆ. ಎರಡು ದಿನವನ್ನು ಮೂರು ಮಾಡಿಕೊಳ್ಳಿ. ಕಿಲಿಮಂಜಾರೊ ವಿಮಾನ ನಿಲ್ದಾಣಕ್ಕೆ ಹತ್ತಿರದ ಅರುಷಾ ಊರಿನಲ್ಲಿ ಒಂದು ರಾತ್ರಿ ಎಲ್ಲರೂ ಸೇರಿ ಉಳಿಯಿರಿ, ಅಲ್ಲಿಂದ ನಿಧಾನವಾಗಿ ರಸ್ತೆಯಲ್ಲಿ ಒಳಗೆ ಹೋಗಿ, ಬರುವಾಗ ಮಾತ್ರ ಸಣ್ಣ ವಿಮಾನ ಹತ್ತಿ. ಮಾರಾವನ್ನು ಈ ಸಲ ಬಿಡಿ. ಇಷ್ಟು ಮಾತ್ರ ಸಾಕಾದವರು ಇಲ್ಲಿಗೇ ನಿಲ್ಲಿಸಬಹುದು. ಏಕೆ ಎಂಬುದು ಮುಂದಿದೆ, ಸ್ವಲ್ಪ ಉದ್ದವಾಗಿಯೇ ಇದೆ.

ಮೊದಲು ಆ ಒಂದೇ ದಿನದ ಯೋಜನೆ. ಕಿಲಿಮಂಜಾರೊ ವಿಮಾನ ನಿಲ್ದಾಣದಿಂದ ಸೆರೆಂಗೆಟಿಯ ನಡುಭಾಗವಾದ ಸೆರೊನೆರಾಕ್ಕೆ 370 ಕಿ.ಮೀ. ಆಸುಪಾಸು. ನಮ್ಮ ಹೆದ್ದಾರಿಯ ಲೆಕ್ಕದಲ್ಲಿ ಅದು ಆರು ತಾಸು ಅನ್ನಿಸಬಹುದು. ಅಲ್ಲಿ ಹಾಗಲ್ಲ. ಊರು ಬಂದಲ್ಲೆಲ್ಲ ಗಂಟೆಗೆ 50 ಕಿ.ಮೀ. ಮಿತಿ, ಪೊಲೀಸರು ಅದನ್ನು ಕಟ್ಟುನಿಟ್ಟಾಗಿ ನೋಡುತ್ತಾರೆ. ಡಾಂಬರು ರಸ್ತೆ ದಾರಿಯಲ್ಲಿ ಸಿಗುವ ಎನ್ಗೊರೊಂಗೊರೊ ಸಂರಕ್ಷಿತ ಪ್ರದೇಶದ ಲೋಡೊವಾರೆ ಗೇಟಿನವರೆಗೆ ಚೆನ್ನಾಗಿದೆ. ಅಲ್ಲಿಂದ ಮುಂದೆ ನೂರಕ್ಕೂ ಹೆಚ್ಚು ಕಿಲೋಮೀಟರ್ ಬಹುಪಾಲು ಕಚ್ಚಾ ರಸ್ತೆ, ಮೈಯೆಲ್ಲ ಅಲುಗಾಡಿಸುವ ಏರಿಳಿತ. ಸೆರೆಂಗೆಟಿಯ ನಾಬಿ ಹಿಲ್ ಗೇಟ್ ಸಂಜೆ 6ಕ್ಕೆ ಮುಚ್ಚುತ್ತದೆ, ಕತ್ತಲಾದ ಮೇಲೆ ಉದ್ಯಾನದೊಳಗೆ ವಾಹನ ಓಡಿಸುವಂತಿಲ್ಲ. ರಾತ್ರಿಯಿಡೀ ವಿಮಾನದಲ್ಲಿ ಕೂತು ಬಂದವರು ಇಳಿದ ಕೂಡಲೇ ಎಂಟೊಂಬತ್ತು ತಾಸು ಜೀಪಿನಲ್ಲಿ ಕೂರಬೇಕು. ವಿಮಾನ ಎರಡು ತಾಸು ತಡವಾದರೆ, ಅಥವಾ ಒಬ್ಬರ ಬ್ಯಾಗು ಬರದೇ ಹೋದರೆ ಇಡೀ ದಿನದ ಲೆಕ್ಕ ಕುಸಿಯುತ್ತದೆ. ಆಗ ದಾರಿಯ ಯಾವುದೋ ಊರಿನಲ್ಲಿ ರಾತ್ರಿ ಕೋಣೆ ಹುಡುಕಬೇಕು. ಸೆರೆಂಗೆಟಿಯ ಟೆಂಟಿಗೆ ಕೊಟ್ಟ ಹಣ ವಾಪಸ್ ಬರುವುದಿಲ್ಲ. ಸೊಂಟನೋವಿನವರನ್ನು ಕರೆದುಕೊಂಡು ಈ ಜೂಜಾಡುವುದು ತಪ್ಪು. ಇಂಥ ಯೋಜನೆ ಮಾರುವವರು ದಿನಗಳನ್ನು ಎಣಿಸಿದ್ದಾರೆ, ಮನುಷ್ಯರನ್ನು ನೋಡಿಲ್ಲ.

ಹಾಗಾದರೆ ನೇರ ವಿಮಾನ? ಅರುಷಾದ ಪುಟ್ಟ ವಿಮಾನ ನಿಲ್ದಾಣದಿಂದ ಹನ್ನೆರಡು ಸೀಟಿನ ಆಸುಪಾಸಿನ ಸೆಸ್ನಾ ವಿಮಾನಗಳು ಸುಮಾರು ಒಂದು ತಾಸಿನಲ್ಲಿ ಹುಲ್ಲುಗಾವಲಿನ ನಡುವೆ ಇಳಿಸುತ್ತವೆ. ಒಬ್ಬರಿಗೆ 200ರಿಂದ 300 ಡಾಲರ್ ಖರ್ಚು. ಅದು ಒಳ್ಳೆಯ ವ್ಯವಸ್ಥೆಯೇ. ಆದರೆ ಮೊದಲ ಬಾರಿ ಹೋಗುವವರಿಗೆ, ಅದರಲ್ಲೂ ಫೆಬ್ರವರಿಯಲ್ಲಿ ಹೋಗುವವರಿಗೆ, ಒಳಗೆ ಹೋಗುವ ರಸ್ತೆ ಕಳೆದುಕೊಳ್ಳುವಂಥದ್ದಲ್ಲ. ಸೆರೆಂಗೆಟಿಯಲ್ಲಿ ನೀವು ಏನನ್ನು ನೋಡಲು ಹೋಗುತ್ತಿದ್ದೀರೋ ಅದು ಅಲ್ಲಿ ಏಕಿದೆ ಎಂಬುದು ಆ ರಸ್ತೆಯಲ್ಲೇ ಕಾಣುತ್ತದೆ.

ಅರುಷಾ ಬಿಡುವಾಗ ಹಿಂದೆ ಮೇರು ಪರ್ವತ, 4,566 ಮೀಟರ್. ಮಾಕುಯುನಿ ಎಂಬಲ್ಲಿ ಬಲಕ್ಕೆ ಹೊರಳಿದರೆ ಬಯಲು, ದನ ಕಾಯುವ ಮಸಾಯ್ ಹುಡುಗರು, ದೂರದಲ್ಲಿ ಎದ್ದು ನಿಂತ ಒಂದು ಗೋಡೆ. ಅದು ಮಹಾ ಸೀಳುಕಣಿವೆಯ, ಅಂದರೆ ರಿಫ್ಟ್ ವ್ಯಾಲಿಯ ಪಶ್ಚಿಮದ ಅಂಚು. ಗೋಡೆಯ ಬುಡದಲ್ಲಿ ಮ್ಟೊ ವಾ ಮ್ಬು ಎಂಬ ಊರು, ಪಕ್ಕದಲ್ಲೇ ಮನ್ಯಾರಾ ಸರೋವರ. ಈ ಊರಿನಲ್ಲಿ ಕೆಂಪು ಬಾಳೆಹಣ್ಣು ಮಾರುತ್ತಾರೆ, ಇಳಿದು ತಿನ್ನಿ. ಮೇಲೆ ಹತ್ತುವ ತಿರುವುಗಳಲ್ಲಿ ದಪ್ಪ ಕಾಂಡದ ಬಾವೊಬಾಬ್ ಮರಗಳು ಸಿಗುತ್ತವೆ. ಹುಬ್ಬಳ್ಳಿಯವರಾದ ನಿಮಗೆ ಈ ಮರ ಹೊಸದೇನಲ್ಲ. ಸವಣೂರಿನ ದೊಡ್ಡಹುಣಸೆ ಕಲ್ಮಠದಲ್ಲಿ ಇರುವುದು ಇದೇ ಜಾತಿ, ಆಫ್ರಿಕಾದಿಂದ ಬಂದದ್ದು. ಅದರ ತವರನ್ನು ನೋಡಲು ಜೀಪು ನಿಲ್ಲಿಸಿ ಎಂದು ಕೇಳಿ, ಖಂಡಿತ ನಿಲ್ಲಿಸುತ್ತಾರೆ.

ಮೊದಲ ದಿನದ ಪ್ರಯಾಣ ಕರಾಟು ಊರಿನವರೆಗೆ ಸಾಕು. ಅರುಷಾದಿಂದ ಎರಡೂವರೆ, ಮೂರು ತಾಸು. ಮಧ್ಯೆ ಮನ್ಯಾರಾ ಉದ್ಯಾನದಲ್ಲಿ ಅರ್ಧ ದಿನ ಕಳೆದರೆ ಎಲ್ಲರಿಗೂ ಜೀಪಿನಲ್ಲಿ ನಿಲ್ಲುವುದು, ದುರ್ಬೀನು ಹಿಡಿಯುವುದು, ಸುಮ್ಮನಿರುವುದು ಅಭ್ಯಾಸವಾಗುತ್ತದೆ. ಕರಾಟು ಕೆಂಪು ಮಣ್ಣಿನ, ಕಾಫಿ ತೋಟಗಳ ತಂಪು ಊರು. ಅಲ್ಲಿ ಎರಡು ರಾತ್ರಿ ಇದ್ದು, ನಡುವಿನ ದಿನ ಎನ್ಗೊರೊಂಗೊರೊ ಕುಳಿಗೆ ಇಳಿಯಿರಿ. ಸಿಡಿದು ಕುಸಿದ ಅಗ್ನಿಪರ್ವತದ ಆ ಕುಳಿ 600 ಮೀಟರ್ ಆಳ, 260 ಚದರ ಕಿ.ಮೀ. ವಿಸ್ತಾರ. ಒಂದು ವಾಹನ ಒಮ್ಮೆ ಇಳಿಯಲು ತೆರಿಗೆ ಸೇರಿ ಸುಮಾರು 300 ಡಾಲರ್ ಶುಲ್ಕವಿದೆ. ಪ್ರವೇಶ ಶುಲ್ಕ ಬೇರೆ. ಕಂಪನಿ ಕೊಟ್ಟ ದರದಲ್ಲಿ ಇದು ಸೇರಿದೆಯೇ ಎಂದು ಬರಹದಲ್ಲೇ ಕೇಳಿ ಪಡೆಯಿರಿ. ಜಗಳಗಳೆಲ್ಲ ಹುಟ್ಟುವುದು ಇಂಥ ಸಾಲುಗಳಲ್ಲೇ.

ಮರುದಿನದ ದಾರಿಯೇ ಈ ಇಡೀ ಪ್ರಯಾಣದ ತಿರುಳು. ಲೋಡೊವಾರೆ ಗೇಟು ದಾಟಿದರೆ ಮಂಜು ಮುಸುಕಿದ ದಟ್ಟ ಕಾಡು, ಕೊಂಬೆಗಳಿಂದ ಜೋಲುವ ಹಾವಸೆ, ಕೆಸರು. ಕುಳಿಯ ಅಂಚು ಸುಮಾರು 2,300 ಮೀಟರ್ ಎತ್ತರದಲ್ಲಿದೆ. ಹಿಂದೂ ಮಹಾಸಾಗರದ ಕಡೆಯಿಂದ ಬರುವ ತೇವದ ಗಾಳಿಯನ್ನು ಈ ಬೆಟ್ಟಸಾಲು ಪೂರ್ವದ ಮಗ್ಗುಲಲ್ಲೇ ತಡೆದು ಮಳೆ ಸುರಿಸಿಕೊಳ್ಳುತ್ತದೆ. ಅಂಚಿನ ರಸ್ತೆಯಲ್ಲೇ ಒಂದು ಕಲ್ಲಿನ ಸ್ಮಾರಕ ಇದೆ. ಜರ್ಮನಿಯ ಬರ್ನ್‌ಹಾರ್ಡ್ ಗ್ರಿಝಿಮೆಕ್ ಮತ್ತು ಮಗ ಮಿಖಾಯಲ್ 1950ರ ದಶಕದ ಕೊನೆಯಲ್ಲಿ ಸಣ್ಣ ವಿಮಾನದಲ್ಲಿ ಹಾರಾಡಿ ಸೆರೆಂಗೆಟಿಯ ಹಿಂಡುಗಳನ್ನು ಎಣಿಸಿದವರು, ಅವು ವರ್ಷದಲ್ಲಿ ಎಲ್ಲಿಂದೆಲ್ಲಿಗೆ ಹೋಗುತ್ತವೆ ಎಂದು ಗುರುತು ಹಾಕಿದವರು. 1959ರ ಜನವರಿಯಲ್ಲಿ ರಣಹದ್ದೊಂದು ಡಿಕ್ಕಿ ಹೊಡೆದು ವಿಮಾನ ಬಿದ್ದು ಮಗ ತೀರಿಕೊಂಡ, ಆಗ ಅವನಿಗೆ 24 ವರ್ಷ. 1987ರಲ್ಲಿ ತಂದೆ ತೀರಿಕೊಂಡಾಗ ಅವರನ್ನೂ ಅಲ್ಲೇ ಮಗನ ಪಕ್ಕದಲ್ಲಿ ಇಟ್ಟರು. ಹೆಚ್ಚಿನ ಜೀಪುಗಳು ಅಲ್ಲಿ ನಿಲ್ಲದೇ ಹೋಗುತ್ತವೆ. ನೀವು ನಿಲ್ಲಿ.

ಅಲ್ಲಿಂದ ಪಶ್ಚಿಮಕ್ಕೆ ಇಳಿಯತೊಡಗಿದರೆ ಒಂದು ತಾಸಿನೊಳಗೆ ಲೋಕವೇ ಬದಲಾಗುತ್ತದೆ. ಕಾಡು ಮುಗಿಯುತ್ತದೆ, ಮರ ವಿರಳವಾಗುತ್ತದೆ, ಅಕೇಶಿಯಾಗಳ ನಡುವೆ ಮಸಾಯರ ದನಗಳ ಜೊತೆಗೇ ಜಿರಾಫೆಗಳು ಕಾಣುತ್ತವೆ. ಕೆಳಗೆ ದಿಗಂತದವರೆಗೆ ಮರವೇ ಇಲ್ಲದ ಹುಲ್ಲಿನ ಬಯಲು. ಇದು ಮಳೆನೆರಳಿನ ಪ್ರದೇಶ. ಎನ್ಗೊರೊಂಗೊರೊ ಬೆಟ್ಟಗಳ ಅಗ್ನಿಪರ್ವತಗಳು, ಮುಖ್ಯವಾಗಿ ಈಗಲೂ ಜೀವಂತವಾಗಿರುವ ಓಲ್ ಡೊಯ್ನ್ಯೊ ಲೆಂಗಾಯ್, ಸಾವಿರಾರು ವರ್ಷ ಉಗುಳಿದ ಬೂದಿ ಗಾಳಿಗೆ ಹಾರಿ ಈ ಬಯಲಿನ ಮೇಲೆ ಕೂತಿದೆ. ಬೂದಿಯೊಳಗಿನ ಸುಣ್ಣದಂಶ ಮೇಲ್ಮಣ್ಣಿನ ಕೆಳಗೆ ಗಟ್ಟಿ ಪದರವಾಗಿದೆ, ಮರದ ಬೇರು ಅದನ್ನು ಭೇದಿಸಲಾರದು. ಬೆಳೆಯುವುದು ಗಿಡ್ಡ ಹುಲ್ಲು ಮಾತ್ರ. ಆದರೆ ಆ ಹುಲ್ಲಿನಲ್ಲಿ ಕ್ಯಾಲ್ಸಿಯಂ, ರಂಜಕ ಎರಡೂ ಹೇರಳ. ಗಬ್ಬದ ಮತ್ತು ಹಾಲೂಡುವ ತಾಯಿಗೆ ಬೇಕಾದದ್ದು ಅದೇ. ಹುಲ್ಲು ಗಿಡ್ಡವಾದ್ದರಿಂದ ಹೊಂಚುವ ಸಿಂಹ, ಕತ್ತೆಕಿರುಬ ದೂರದಿಂದಲೇ ಕಣ್ಣಿಗೆ ಬೀಳುತ್ತವೆ. ಹಾಗಾಗಿ ದನದಂಥ ದೊಡ್ಡ ಹುಲ್ಲೆಗಳಾದ ಸುಮಾರು 13 ಲಕ್ಷ ವೈಲ್ಡ್‌ಬೀಸ್ಟ್‌ಗಳು, ಜೊತೆಗೆ ಲಕ್ಷಗಟ್ಟಲೆ ಜೀಬ್ರಾಗಳು ಮಳೆ ಬಿದ್ದೊಡನೆ ಇಲ್ಲಿಗೇ ಬಂದು, ಜನವರಿ ಕೊನೆಯಿಂದ ಮಾರ್ಚ್ ಮೊದಲ ವಾರಗಳವರೆಗೆ ವೈಲ್ಡ್‌ಬೀಸ್ಟ್‌ಗಳು ಕರು ಹಾಕುತ್ತವೆ. ಮಳೆನೆರಳಿನ ನೆಲವಾದ್ದರಿಂದಲೇ ಮೇ ತಿಂಗಳ ಹೊತ್ತಿಗೆ ಬಯಲು ಒಣಗುತ್ತದೆ, ಆಗ ಹಿಂಡು ಮಳೆ ಹೆಚ್ಚಿರುವ ವಾಯವ್ಯದ ಕಡೆ ಹೊರಡಲೇಬೇಕು. ಟಿವಿಯಲ್ಲಿ ನೀವು ನೋಡಿರುವ ಮೊಸಳೆ, ನದಿ ದಾಟುವ ನೂಕುನುಗ್ಗಲು ಎಲ್ಲ ಆ ಪಯಣದ ಮುಂದಿನ ಅಧ್ಯಾಯ. ವಿಮಾನದಲ್ಲಿ ಇಳಿದವರಿಗೂ ಹಿಂಡು ಕಾಣುತ್ತದೆ. ಮಂಜಿನ ಕಾಡಿನಿಂದ ಒಣ ಬಯಲಿಗೆ ಇಳಿದು ಬಂದವರಿಗೆ ಆ ಹಿಂಡನ್ನು ಕರೆತಂದು ಮತ್ತೆ ಓಡಿಸುವ ಬೆಟ್ಟವೂ ಕಾಣುತ್ತದೆ. ಇದಕ್ಕಾಗಿಯೇ ನಾನು ರಸ್ತೆಯ ಪರ.

ಇಳಿಜಾರಿನ ಕೊನೆಯಲ್ಲಿ ಓಲ್ಡುವಾಯ್ ಕಮರಿ. 1959ರ ಜುಲೈನಲ್ಲಿ ಮೇರಿ ಲೀಕಿ ಅವರಿಗೆ 17 ಲಕ್ಷ ವರ್ಷಕ್ಕೂ ಹಳೆಯ ಮಾನವ ಸಂಬಂಧಿಯ ತಲೆಬುರುಡೆ ಸಿಕ್ಕ ಜಾಗ. ಇಲ್ಲಿಂದ ದಕ್ಷಿಣಕ್ಕಿರುವ ಲಾಯೆಟೊಲಿಯಲ್ಲಿ 36 ಲಕ್ಷ ವರ್ಷಗಳ ಹಿಂದೆ ಎರಡು ಕಾಲ ಮೇಲೆ ನಡೆದವರ ಹೆಜ್ಜೆಗುರುತುಗಳು ಸಿಕ್ಕವು. ಅವೂ ಉಳಿದದ್ದು ಅಗ್ನಿಪರ್ವತದ ಬೂದಿಯಲ್ಲೇ. ಚಿಕ್ಕ ವಸ್ತುಸಂಗ್ರಹಾಲಯವಿದೆ, ಒಂದು ತಾಸು ಕೊಡಿ. ಸೊಂಟನೋವಿನ ಗೆಳೆಯರಿಗೆ ಎದ್ದು ಓಡಾಡಲು ಅದೇ ಸರಿಯಾದ ತಾಣ.

ಈಗ ಮುಖ್ಯವಾದ ಮಾತು. ಫೆಬ್ರವರಿಯಲ್ಲಿ ಮೊದಲ ತಂಗುದಾಣ ಸೆರೊನೆರಾ ಆಗಬೇಕಿಲ್ಲ. ನ್ಡುಟು ಆಗಬೇಕು. ಎನ್ಗೊರೊಂಗೊರೊ ಸಂರಕ್ಷಿತ ಪ್ರದೇಶವೂ ಸೆರೆಂಗೆಟಿಯೂ ಕೂಡುವ ಗಡಿಯಲ್ಲಿರುವ ಈ ಜಾಗ ಕರು ಹಾಕುವ ಬಯಲಿನ ಮಧ್ಯದಲ್ಲೇ ಇದೆ. ಕರಾಟುವಿನಿಂದ ನಾಲ್ಕು ತಾಸಿನೊಳಗಿನ ದಾರಿ. ನೀವು ಕೇಳಿದಿರಲ್ಲ, ಪ್ರಯಾಣ ಕಡಿಮೆ ಮಾಡುವುದು ಹೇಗೆ ಎಂದು, ನಿಜವಾದ ಉಳಿತಾಯ ಇಲ್ಲಿದೆ. ನ್ಡುಟುವಿನ ಸಂರಕ್ಷಿತ ಪ್ರದೇಶದ ಭಾಗದಲ್ಲಿ ವಾಹನ ರಸ್ತೆ ಬಿಟ್ಟು ಹುಲ್ಲಿನ ಮೇಲೆ ಹೋಗಲು ಅನುಮತಿಯಿದೆ, ಸೆರೆಂಗೆಟಿಯೊಳಗೆ ಸಾಮಾನ್ಯವಾಗಿ ಇಲ್ಲ. ಅಲ್ಲಿ ಮೂರು ರಾತ್ರಿ, ಆಮೇಲೆ ಸೆರೊನೆರಾದಲ್ಲಿ ಎರಡು ರಾತ್ರಿ. ನದಿಯಂಚಿನ ಮರಗಳಲ್ಲಿ ಚಿರತೆ ಹುಡುಕಲು ಸೆರೊನೆರಾ ಒಳ್ಳೆಯದು. ಹಿಂಡು ನಿಲ್ಲುವುದು ಮಳೆಯನ್ನು ನೋಡಿ, ಕ್ಯಾಲೆಂಡರನ್ನಲ್ಲ. ಆದ್ದರಿಂದ ಹತ್ತಾರು ಕಿಲೋಮೀಟರ್ ಆಚೀಚೆ ಹುಡುಕಬೇಕಾಗಬಹುದು. ಕಂಪನಿಯವರು ಬರೀ ‘ಸೆರೆಂಗೆಟಿ ಕ್ಯಾಂಪ್’ ಎಂದು ಬರೆದುಕೊಟ್ಟರೆ ಒಪ್ಪಬೇಡಿ. 14,763 ಚದರ ಕಿ.ಮೀ. ಉದ್ಯಾನದಲ್ಲಿ ಟೆಂಟು ಯಾವ ಮೂಲೆಯಲ್ಲಿದೆ ಎಂಬುದೇ ಎಲ್ಲ. ಫೆಬ್ರವರಿಯಲ್ಲಿ ನ್ಡುಟುವಿನ ಟೆಂಟುಗಳು ತಿಂಗಳುಗಳ ಮೊದಲೇ ತುಂಬುತ್ತವೆ, ಹಾಗಾಗಿ ಮೊದಲು ಕಾಯ್ದಿರಿಸಬೇಕಾದದ್ದು ಇದನ್ನು.

ದಾರಿಯಲ್ಲಿ ಚಾಲಕರು ಕೆಲವೊಮ್ಮೆ ಅವಸರ ಮಾಡುತ್ತಾರೆ. ಕಾರಣ ಗೊತ್ತಿದ್ದರೆ ಬೇಸರವಾಗುವುದಿಲ್ಲ. ಎನ್ಗೊರೊಂಗೊರೊ ಮತ್ತು ಸೆರೆಂಗೆಟಿಯ ಪ್ರವೇಶ ಪರವಾನಗಿ 24 ತಾಸಿನದು, ಗೇಟಿನಲ್ಲಿ ಮುದ್ರೆ ಬಿದ್ದ ಕ್ಷಣದಿಂದ ಲೆಕ್ಕ. ಹೊರಬರುವುದು ತಡವಾದರೆ ಇನ್ನೊಂದು ದಿನದ ಶುಲ್ಕ ಬೀಳಬಹುದು. ಒಬ್ಬೊಬ್ಬರಿಗೆ ದಿನಕ್ಕೆ ತೆರಿಗೆ ಸೇರಿ 70, 80 ಡಾಲರ್‌ಗಳ ಮಾತು ಇದು, ಆರು ಜನಕ್ಕೆ ಗುಣಿಸಿ ನೋಡಿ. ಹಾಗಾಗಿ ಬೆಳಗ್ಗೆ ಹೊರಡುವ ಹೊತ್ತನ್ನು ಚಾಲಕರು ಹೇಳಿದರೆ ಅದನ್ನು ಪಾಲಿಸಿ.

ಲಂಡನ್ ಗೆಳೆಯರ ಮಾತಿಗೆ ಬರೋಣ. ನಕ್ಷೆಯಲ್ಲಿ ಮಾರಾ ಮತ್ತು ಸೆರೆಂಗೆಟಿ ಒಂದೇ ಹುಲ್ಲುಗಾವಲು, ಪ್ರಾಣಿಗಳಿಗೆ ಗಡಿ ಇಲ್ಲ. ಮನುಷ್ಯರಿಗೆ ಇದೆ. 1977ರಲ್ಲಿ ಕೀನ್ಯಾ, ಉಗಾಂಡಾ, ಟಾಂಜಾನಿಯಾಗಳ ಒಕ್ಕೂಟವಾಗಿದ್ದ ಪೂರ್ವ ಆಫ್ರಿಕಾ ಸಮುದಾಯ ಮುರಿದುಬಿದ್ದಾಗ ಟಾಂಜಾನಿಯಾ ಗಡಿ ಮುಚ್ಚಿತು. ಆಮೇಲೆ ಬೇರೆ ದಾರಿಗಳು ತೆರೆದರೂ ಎರಡು ಉದ್ಯಾನಗಳ ನಡುವಿನ ಬೊಲೊಗೊಂಜಾ ದಾರಿ ಪ್ರವಾಸಿಗರಿಗೆ ಮುಚ್ಚಿಯೇ ಇದೆ. ಪಶ್ಚಿಮದ ಇಸೆಬಾನಿಯಾ–ಸಿರಾರಿ ಗಡಿಯಿಂದ ಸುತ್ತಿ ಬರಬೇಕು, ಗಡಿಯಲ್ಲಿ ವಾಹನವನ್ನೂ ಚಾಲಕನನ್ನೂ ಬದಲಿಸಬೇಕು. ಒಂದು ಪೂರ್ತಿ ದಿನ ಅದಕ್ಕೇ ಹೋಗುತ್ತದೆ. ಮೇಲೆ ಕೀನ್ಯಾದ ಪ್ರವೇಶ ಅನುಮತಿ ಪ್ರತ್ಯೇಕ. ಕೀನ್ಯಾ, ಉಗಾಂಡಾ, ರುವಾಂಡಾಗಳಿಗೆ ಸೇರಿ ಸಿಗುವ 100 ಡಾಲರ್ ವೀಸಾದಲ್ಲಿ ಟಾಂಜಾನಿಯಾ ಸೇರಿಲ್ಲ. ಇಷ್ಟೆಲ್ಲ ಮಾಡಿ ಹೋದರೂ ಫೆಬ್ರವರಿಯಲ್ಲಿ ಮಹಾ ವಲಸೆಯ ಹಿಂಡು ಅಲ್ಲಿರುವುದಿಲ್ಲ. ಜುಲೈನಿಂದ ಅಕ್ಟೋಬರ್ ನಡುವೆ ಮತ್ತೊಮ್ಮೆ ಹೋಗುವ ಮನಸ್ಸಾದರೆ ಆಗ ಮಾರಾ ಮಾತ್ರ ನೋಡಿ.

ಆರು ಜನ ನಾಲ್ಕು ಊರುಗಳಿಂದ ಅರುಷಾ ಸೇರುವುದು ಹೇಗೆ? ಬೆಂಗಳೂರಿನಿಂದ ಇಥಿಯೋಪಿಯಾದ ಆಡಿಸ್ ಅಬಾಬಾಕ್ಕೆ ಇಥಿಯೋಪಿಯನ್ ಏರ್‌ಲೈನ್ಸ್‌ನ ನೇರ ವಿಮಾನ ಇದೆ. ಅಲ್ಲಿಂದ ಕಿಲಿಮಂಜಾರೊಗೆ ಎರಡೂವರೆ ತಾಸು. ವೇಳಾಪಟ್ಟಿ ಬದಲಾಗುತ್ತಿರುತ್ತದೆ, ದಿನಾಂಕ ನಿಗದಿ ಮಾಡುವ ಮುಂಚೆ ನೋಡಿಕೊಳ್ಳಿ. ಹುಬ್ಬಳ್ಳಿಯವರು ಒಂದು ದಿನ ಮೊದಲೇ ಬೆಂಗಳೂರಿಗೆ ಬಂದು ಗೆಳೆಯರ ಮನೆಯಲ್ಲಿ ಮಲಗಿ. ರಾತ್ರಿ ರೈಲಿನಿಂದಿಳಿದು ನೇರ ವಿಮಾನ ನಿಲ್ದಾಣಕ್ಕೆ ಓಡುವುದು ಬೇಡ. ಇನ್ನೊಂದು ದಾರಿ ಮುಂಬೈನಿಂದ ನೈರೋಬಿ, ಸುಮಾರು ಆರು ತಾಸು, ಅಲ್ಲಿಂದ ಕಿಲಿಮಂಜಾರೊಗೆ ಒಂದು ತಾಸಿನೊಳಗೆ. ಈ ತುಣುಕಿನಲ್ಲಿ ಎಡಗಡೆ ಕಿಟಕಿ ಹಿಡಿಯಿರಿ, ಮೋಡ ಸರಿದಿದ್ದರೆ 5,895 ಮೀಟರಿನ ಕಿಲಿಮಂಜಾರೊ ಶಿಖರ ಅಲ್ಲೇ ಕಾಣುತ್ತದೆ. ಮಸ್ಕತ್‌ನವರಿಗೆ ದೋಹಾ ಮೂಲಕ ಹೋಗುವುದು ಸುಲಭ. ಲಂಡನ್‌ನವರು ಆಮ್‌ಸ್ಟರ್‌ಡ್ಯಾಮ್‌ನಿಂದ ಕೆಎಲ್‌ಎಂ ಹಿಡಿಯಬಹುದು, ಅದು ಇಳಿಯುವುದು ರಾತ್ರಿ. ಯಾರೇ ಆಗಲಿ, ಮನೆಯಿಂದ ಕಿಲಿಮಂಜಾರೊವರೆಗೆ ಒಂದೇ ಟಿಕೆಟ್ ಇರಲಿ. ಎರಡು ಬೇರೆ ಟಿಕೆಟ್ ಜೋಡಿಸಿ ಐದಾರು ಸಾವಿರ ರೂಪಾಯಿ ಉಳಿಸಿದರೆ, ಮೊದಲ ವಿಮಾನ ತಡವಾದಾಗ ಎರಡನೆಯದಕ್ಕೆ ಯಾರೂ ಹೊಣೆಯಲ್ಲ.

ಒಬ್ಬ ಮಧ್ಯಾಹ್ನ, ಇನ್ನೊಬ್ಬ ನಡುರಾತ್ರಿ ಬರುವುದರಿಂದಲೇ ಅರುಷಾದ ಆ ರಾತ್ರಿ ಬೇಕು ಅನ್ನುವುದು. ಮೊದಲು ಬಂದವರು ಸ್ನಾನ ಮಾಡಿ ಮಲಗಲಿ, ತಡವಾಗಿ ಬಂದವರಿಗೆ ಊಟ ಎತ್ತಿಡಿ. ಬೆಳಗ್ಗೆ ಬೇಗ ಹೊರಡಬೇಡಿ. ವರ್ಷಗಟ್ಟಲೆ ಫೋನಿನಲ್ಲೇ ಮಾತಾಡಿದವರು ಎದುರುಬದುರು ಕೂತು ಕಾಫಿ ಕುಡಿಯಲು ಆ ಮುಂಜಾವು ಇರಲಿ. ಜೀಪಿನೊಳಗೆ ಪ್ರಾಣಿ ಎದುರಿಗಿದ್ದಾಗ ಹಳೆಯ ಕಾಲೇಜಿನ ಕಥೆಗಳನ್ನು ತೆಗೆಯುವಂತಿಲ್ಲ. ಅವನ್ನೆಲ್ಲ ಅರುಷಾ–ಕರಾಟು ರಸ್ತೆಯಲ್ಲೇ ಮುಗಿಸಿಕೊಳ್ಳಿ.

ಹಳದಿ ಜ್ವರದ ಲಸಿಕೆಯನ್ನು ಮುಂದೂಡಬೇಡಿ. ಇಥಿಯೋಪಿಯಾ, ಕೀನ್ಯಾ ಎರಡೂ ಹಳದಿ ಜ್ವರದ ದೇಶಗಳ ಪಟ್ಟಿಯಲ್ಲಿವೆ. ಅಂಥ ದೇಶದಲ್ಲಿದ್ದು ಆರು ದಿನದೊಳಗೆ ಭಾರತಕ್ಕೆ ಬಂದವರ ಬಳಿ ಲಸಿಕೆಯ ಪ್ರಮಾಣಪತ್ರ ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸುತ್ತಾರೆ. ಅಂಥ ದೇಶದ ವಿಮಾನ ನಿಲ್ದಾಣದಿಂದ ಹೊರಗೇ ಬರದವರಿಗೆ ವಿನಾಯಿತಿ ಇದೆಯಾದರೂ ಅದು ಭಾರತದಲ್ಲಿ ಇಳಿದ ನಿಲ್ದಾಣದ ಆರೋಗ್ಯಾಧಿಕಾರಿಯ ತೀರ್ಮಾನ. ಅಂಥ ದೇಶದಲ್ಲಿ 12 ತಾಸಿಗಿಂತ ಹೆಚ್ಚು ನಿಂತು ಬಂದವರನ್ನು ಟಾಂಜಾನಿಯಾದವರೂ ಕೇಳುತ್ತಾರೆ. ಲಸಿಕೆ ಹಾಕಿಸಿಕೊಂಡ 10 ದಿನದ ಮೇಲೆ ಪತ್ರ ಸಿಂಧುವಾಗುತ್ತದೆ, 2016ರಿಂದ ಅದು ಜೀವನಪರ್ಯಂತ ಚಲಾವಣೆಯಲ್ಲಿರುತ್ತದೆ. ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ ಸಿಗುವುದರಿಂದ ಮೊದಲೇ ದಿನ ಗೊತ್ತುಮಾಡಿಕೊಂಡು, ಪಾಸ್‌ಪೋರ್ಟ್ ತೆಗೆದುಕೊಂಡು ಹೋಗಿ. ಇದು ಜೀವಂತ ವೈರಾಣುವಿನಿಂದ ಮಾಡಿದ ಲಸಿಕೆ. ಮೊಟ್ಟೆಯ ಅಲರ್ಜಿ ಇರುವವರು, ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರು, 60 ದಾಟಿದವರು ವೈದ್ಯರ ಜೊತೆ ಕೂತು ಮಾತಾಡಿಯೇ ನಿರ್ಧರಿಸಬೇಕು. ನಿಮ್ಮ ಗುಂಪಿನಲ್ಲಿ 61ರವರು ಇದ್ದಾರಲ್ಲ, ಅವರು ಎಲ್ಲರಿಗಿಂತ ಮೊದಲು ಹೋಗಲಿ. ವೈದ್ಯರು ಬೇಡ ಎಂದರೆ ವಿನಾಯಿತಿ ಪತ್ರ ಬರೆಸಿಕೊಂಡು, ಆಡಿಸ್ ಬಿಟ್ಟು ಕೊಲ್ಲಿ ರಾಷ್ಟ್ರದ ಮೂಲಕ ಟಿಕೆಟ್ ಮಾಡಿಸಿ. ಟಿಕೆಟ್ ಕೊಂಡ ಮೇಲೆ ಇದು ಗೊತ್ತಾದರೆ ಕಷ್ಟ. ಮಲೇರಿಯಾದ ಮಾತ್ರೆಯನ್ನೂ ಅದೇ ಭೇಟಿಯಲ್ಲಿ ಕೇಳಿ. ನಮಗೆ ಮಲೇರಿಯಾ ಗೊತ್ತು ಎಂಬ ಧೈರ್ಯ ಬೇಡ, ಅಲ್ಲಿ ಹೆಚ್ಚಿನದು ಮಿದುಳಿಗೂ ಏರಬಲ್ಲ ಫಾಲ್ಸಿಪಾರಂ ಬಗೆಯದು. ಟಾಂಜಾನಿಯಾದ ಇ-ವೀಸಾಕ್ಕೆ 50 ಡಾಲರ್, ಹೊರಡುವ ಕೆಲವು ವಾರ ಮೊದಲೇ ಅಲ್ಲಿನ ವಲಸೆ ಇಲಾಖೆಯ ಅಧಿಕೃತ ತಾಣದಲ್ಲೇ ಅರ್ಜಿ ಹಾಕಿ. ಅದೇ ಹೆಸರನ್ನು ಹೋಲುವ ದಲ್ಲಾಳಿ ತಾಣಗಳು ದುಪ್ಪಟ್ಟು ಕೀಳುತ್ತವೆ.

ವಾಹನದ ವಿಷಯದಲ್ಲಿ ಜಿಪುಣತನ ಬೇಡ. ಆರು ಜನಕ್ಕೆ ಚಾವಣಿ ಎತ್ತಬಲ್ಲ, ಉದ್ದ ಮಾಡಿದ ಒಂದು ಲ್ಯಾಂಡ್ ಕ್ರೂಸರ್, ಎಲ್ಲರಿಗೂ ಕಿಟಕಿ. ಹಿಂದಿನ ಸಾಲು ಅತಿ ಹೆಚ್ಚು ಕುಲುಕುತ್ತದೆ. ಸೊಂಟನೋವಿನವರಿಗೆ ಎಲ್ಲ ದಿನವೂ ಮಧ್ಯದ ಸಾಲು ಎಂದು ಊರಿನಲ್ಲೇ ತೀರ್ಮಾನಿಸಿ, ಉಳಿದ ಐವರು ದಿನಕ್ಕೊಮ್ಮೆ ಜಾಗ ಬದಲಿಸಿ. ಇದನ್ನು ಮೊದಲೇ ಹೇಳಿಕೊಳ್ಳದೆ ಹೋದ ಒಳ್ಳೊಳ್ಳೆಯ ಗೆಳೆಯರು ಮೂರನೆಯ ದಿನಕ್ಕೆ ಮುಖ ಊದಿಸಿಕೊಂಡು ಕೂತದ್ದನ್ನು ನೋಡಿದ್ದೇನೆ. ಚಾಲಕರ ಜೊತೆ ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ಎಂದು ಮಾತಾಡುವ ಹೊಣೆಯನ್ನು ದಿನಕ್ಕೊಬ್ಬರಿಗೆ ಕೊಡಿ. ಆರು ಬಾಯಿ ಒಮ್ಮೆಗೇ ಹೇಳಿದರೆ ಅವರು ಯಾರ ಮಾತು ಕೇಳಬೇಕು? ದುರ್ಬೀನು ಮಾತ್ರ ಒಬ್ಬೊಬ್ಬರಿಗೂ ಸ್ವಂತದ್ದಿರಲಿ. ಚೀತಾ ಓಡುವುದು ಕೆಲವೇ ಕ್ಷಣ, ಆಗ ಯಾರೂ ಇನ್ನೊಬ್ಬರಿಗೆ ದುರ್ಬೀನು ಕೊಡುವುದಿಲ್ಲ. ಟಿಪ್ಸ್, ನೀರು, ದಾರಿಖರ್ಚಿಗೆ ಸಮಾನವಾಗಿ ಹಾಕಿದ ಒಂದು ಚೀಲ ಇಟ್ಟು ಒಬ್ಬರೇ ಲೆಕ್ಕ ಬರೆಯಲಿ. ಡಾಲರ್ ನೋಟುಗಳು ಹೊಸದಾಗಿರಲಿ, 2006ಕ್ಕಿಂತ ಹಿಂದಿನವನ್ನು ಅಲ್ಲಿ ಮುಟ್ಟುವುದಿಲ್ಲ. ಮೂತ್ರಕ್ಕೆ ನಿಲ್ಲಿಸಿ ಎನ್ನಲು ಸಂಕೋಚಪಟ್ಟು ನೀರು ಕುಡಿಯದೇ ಇರುವವರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ಆ ಎತ್ತರದಲ್ಲಿ, ಆ ಧೂಳಿನಲ್ಲಿ ಅದು ತಲೆನೋವಿಗೆ ದಾರಿ.

ಊಟದ ಚಿಂತೆ ನೀವು ಅಂದುಕೊಂಡಷ್ಟು ಇಲ್ಲ. ಅರುಷಾದಲ್ಲಿ ತಲೆಮಾರುಗಳಿಂದ ನೆಲೆಸಿದ ಭಾರತೀಯರಿದ್ದಾರೆ, ಸಸ್ಯಾಹಾರ ಸಿಗುತ್ತದೆ. ಚಪಾತಿ ಅಲ್ಲಿನ ಜನರ ದಿನದೂಟವೇ ಆಗಿದೆ, ಜೊತೆಗೆ ಹುರುಳಿಕಾಯಿ ಬೀಜದ ಪಲ್ಯ, ಸೊಪ್ಪು, ಮೆಕ್ಕೆಜೋಳದ ಹಿಟ್ಟಿನ ಮುದ್ದೆಯಾದ ಉಗಾಲಿ. ಕ್ಯಾಂಪಿನ ಅಡುಗೆಯವರಿಗೆ ಮೊದಲೇ ಬರೆದು ತಿಳಿಸಬೇಕು, ಮೊಟ್ಟೆ ನಡೆಯುತ್ತದೆಯೇ ಎಂಬುದನ್ನೂ. ತೊಂದರೆ ಬರುವುದು ಮಧ್ಯಾಹ್ನದ ಡಬ್ಬಿಯೂಟದಲ್ಲಿ, ಅದರಲ್ಲಿ ಬ್ರೆಡ್ಡು, ಬಾಳೆಹಣ್ಣು ಬಿಟ್ಟು ಸಸ್ಯಾಹಾರಿಗಳಿಗೆ ಹೆಚ್ಚೇನೂ ಇರುವುದಿಲ್ಲ. ಶೇಂಗಾ ಚಟ್ನಿಪುಡಿ, ಒಗ್ಗರಣೆ ಅವಲಕ್ಕಿ, ಖಡಕ್ ರೊಟ್ಟಿ ಇದ್ದರೆ ಆ ಕೊರತೆ ತುಂಬುತ್ತದೆ. ಕಟ್ಟಿಕೊಳ್ಳುವಾಗ ಪ್ಲಾಸ್ಟಿಕ್ ಕೈಚೀಲ ಬೇಡ, ಟಾಂಜಾನಿಯಾದಲ್ಲಿ 2019ರ ಜೂನ್‌ನಿಂದ ನಿಷೇಧ. ಬಟ್ಟೆ ಚೀಲ, ಡಬ್ಬಿ ತನ್ನಿ.

ಆಫ್ರಿಕಾ ಎಂದರೆ ಬಿಸಿಲು ಎಂದುಕೊಂಡು ಬರೀ ಹತ್ತಿ ಅಂಗಿ ತುಂಬಿಕೊಳ್ಳಬೇಡಿ. ಕುಳಿಯ ಅಂಚಿನ ಮುಂಜಾನೆಗೆ ಸ್ವೆಟರು, ಕಿವಿ ಮುಚ್ಚುವ ಟೋಪಿ ಬೇಕೇ ಬೇಕು. ಕಡುನೀಲಿ, ಕಪ್ಪು ಬಟ್ಟೆಗಳನ್ನು ಮನೆಯಲ್ಲೇ ಬಿಡಿ. ಮರಗಳಿರುವ ಕಡೆ ಕಚ್ಚುವ ಟ್ಸೆಟ್ಸೆ ನೊಣಗಳಿಗೆ ಆ ಬಣ್ಣಗಳ ಮೇಲೆ ಸೆಳೆತ. ಫೆಬ್ರವರಿ ಎರಡು ಮಳೆಗಾಲಗಳ ನಡುವಿನ ಬಿಡುವು. ಆದರೂ ಒಂದು ಜೋರು ಮಳೆ ಬಂದರೆ ಕೆಲವೆಡೆ ನಿಮ್ಮ ಧಾರವಾಡ ಸೀಮೆಯ ಎರೆಮಣ್ಣಿನಂಥ ಕಪ್ಪು ನೆಲದಲ್ಲಿ ಚಕ್ರ ಹೂಳುತ್ತದೆ. ಹೊರತೆಗೆಯಲು ಒಂದು ತಾಸು ಹಿಡಿದರೂ ಚಾಲಕರ ಮೇಲೆ ರೇಗಬೇಡಿ.

ವಾಪಸ್ ಬರುವಾಗ ಸೆರೊನೆರಾದಿಂದ ಅರುಷಾಕ್ಕೆ ಸಣ್ಣ ವಿಮಾನ. ಬಂದ ರಸ್ತೆಯನ್ನೇ ಮತ್ತೆ ತುಳಿಯುವ ಶಕ್ತಿ ಆಗ ಯಾರಿಗೂ ಇರುವುದಿಲ್ಲ, ನೋಡಬೇಕಾದದ್ದನ್ನು ನೋಡಿಯೂ ಆಗಿರುತ್ತದೆ, ಒಂದು ದಿನ ಉಳಿಯುತ್ತದೆ. ಸಾಮಾನ್ಯವಾಗಿ ಕೈಚೀಲವೂ ಸೇರಿ ಒಬ್ಬರಿಗೆ 15 ಕಿಲೋ ಮಾತ್ರ, ಅದೂ ಚಕ್ರದ ಗಟ್ಟಿ ಸೂಟ್‌ಕೇಸ್ ಅಲ್ಲದ ಮೆತ್ತನೆಯ ಬ್ಯಾಗು. ಹೆಚ್ಚಿನ ಸಾಮಾನನ್ನು ಹೋಗುವಾಗಲೇ ಅರುಷಾ ಹೋಟೆಲಿನಲ್ಲಿ ಬಿಟ್ಟಿರಿ. ಊರಿಗೆ ಹೊರಡುವ ದೊಡ್ಡ ವಿಮಾನಕ್ಕೂ ಈ ಸಣ್ಣ ವಿಮಾನಕ್ಕೂ ನಡುವೆ ಕನಿಷ್ಠ ಅರ್ಧ ದಿನ ಇರಲಿ, ಏಕೆಂದರೆ ಇವು ದಾರಿಯಲ್ಲಿ ಬೇರೆ ಬೇರೆ ಪುಟ್ಟ ರನ್‌ವೇಗಳಲ್ಲಿ ಇಳಿದು ಜನರನ್ನು ಹತ್ತಿಸಿಕೊಂಡು ಬರುತ್ತವೆ. ಇನ್ನೊಂದು ವಿಮಾನ ನಿಲ್ದಾಣವಾದ ಕಿಲಿಮಂಜಾರೊಗೆ ಅರುಷಾದಿಂದ ಮತ್ತೆ 50 ಕಿ.ಮೀ. ರಸ್ತೆ ಇದೆ ಎಂಬುದೂ ಲೆಕ್ಕದಲ್ಲಿರಲಿ. ಹಳದಿ ಜ್ವರದ ಪತ್ರವನ್ನು ದೊಡ್ಡ ಬ್ಯಾಗಿನಲ್ಲಿ ತುರುಕಬೇಡಿ. ಬೆಂಗಳೂರಿನಲ್ಲಿ ಇಳಿದು ಪಾಸ್‌ಪೋರ್ಟ್ ತಪಾಸಣೆಗೆ ಹೋಗುವ ಮುಂಚೆಯೇ ಆರೋಗ್ಯ ಸಿಬ್ಬಂದಿ ಅದನ್ನು ಕೇಳಬಹುದು.